ಬಲವನ್ನು ಬಳಸದ ಬಲ: ‘ಗೊಲ್ಗೊಥಾ’ ಮತ್ತು ಕಿಟ್ಟೆಲರ ಕೋಶ

ಮಂಜೇಶ್ವರದ ಗೋವಿಂದ ಪೈಗಳನ್ನು ಗಡಿನಾಡಿನವರಾದ ನಾವು ವರ್ಷವರ್ಷವೂ ನೆನೆಯುತ್ತೇವೆ. 1911ರಲ್ಲಿ ಅವರು ದ್ವಿತೀಯಾಕ್ಷರ ಪ್ರಾಸವನ್ನು ತೊರೆದುದು, 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತುದು ನಮ್ಮ ವೇದಿಕೆಗಳಲ್ಲಿ ಹೇಳಿ ಹೇಳಿ ಸವೆದ ಮಾತುಗಳು. ಕೃತಿಗಳ ಪಟ್ಟಿಯನ್ನು ಓದುವಾಗ ‘ಗೊಲ್ಗೊಥಾ’ ಎಂಬ ಹೆಸರೂ ಬಂದುಹೋಗುತ್ತದೆ, ಅಷ್ಟೆ. ಯೇಸುವಿನ ಕಡೆಯ ದಿನವನ್ನು ಕುರಿತ ಈ ಖಂಡಕಾವ್ಯವನ್ನು ಕ್ರೈಸ್ತರು ‘ನಮ್ಮವರಲ್ಲದವರು ನಮ್ಮ ದೇವರನ್ನು ಹೊಗಳಿದರು’ ಎಂದು ಮೆಚ್ಚುತ್ತಾರೆ, ಉಳಿದವರು ‘ಪೈಗಳ ಮನಸ್ಸು ದೊಡ್ಡದು’ ಎಂದು ಮೆಚ್ಚುತ್ತಾರೆ. ಎರಡೂ ಬಗೆಯ ಮೆಚ್ಚುಗೆಯಲ್ಲಿ ಕಾವ್ಯ ಓದದೆಯೇ ಉಳಿಯುತ್ತದೆ.

ಪೈಗಳು ಆರಿಸಿಕೊಂಡ ದಿನವನ್ನೇ ಮೊದಲು ಗಮನಿಸಬೇಕು. ದೇವರ ಶಕ್ತಿಯನ್ನು ತೋರಿಸಹೊರಟ ಬೋಧಕನು ಸಾಮಾನ್ಯವಾಗಿ ಪವಾಡಗಳಿಂದ ತೊಡಗುತ್ತಾನೆ: ಕುರುಡನಿಗೆ ಕಣ್ಣು ಬಂದುದು, ಐದು ರೊಟ್ಟಿಯಿಂದ ಸಾವಿರಾರು ಜನ ಉಂಡುದು, ಕಡಲ ಮೇಲೆ ನಡೆದುದು. ಕವಿ ಇವೆಲ್ಲವನ್ನೂ ಬದಿಗಿರಿಸಿ, ಯೇಸು ಯಾರನ್ನೂ ಬೆರಗುಗೊಳಿಸಲೊಲ್ಲದ ದಿನಕ್ಕೆ ಬರುತ್ತಾರೆ. ಸುವಾರ್ತೆಗಳ ಪ್ರಕಾರ ಆ ದಿನ ನೋಡನಿಂತವರ ಕುಹಕವೇ ಅದು: ಇತರರನ್ನು ಉಳಿಸಿದವನು ತನ್ನನ್ನು ಉಳಿಸಿಕೊಳ್ಳಲಾರನೆ, ಶಿಲುಬೆಯಿಂದ ಇಳಿದು ಬರಲಾರನೆ? ಅವನು ಇಳಿಯಲಿಲ್ಲ. ಕೊಲ್ಲುವವರಿಗೆ ಕ್ಷಮೆ ಬೇಡಿದನು, ತಾಯಿಯ ಹೊಣೆಯನ್ನು ಶಿಷ್ಯನಿಗೆ ಒಪ್ಪಿಸಿದನು. ಇಳಿಯಬಲ್ಲವನು ಇಳಿಯದಿರುವುದನ್ನೇ ಕ್ರೈಸ್ತಧರ್ಮ ದೇವರ ಬಲವೆಂದು ಕರೆಯುತ್ತದೆ. ಕತ್ತಿ ಹಿಡಿದ ದೇವತೆಗಳನ್ನೂ ವೈರಿಯನ್ನು ಸೀಳಿದ ಅವತಾರಗಳನ್ನೂ ಕಾವ್ಯಗಳಲ್ಲಿ ಕಂಡ ನಮ್ಮ ಕಿವಿಗೆ ಇದು ಸುಲಭದ ಮಾತಲ್ಲ. ಪೈಗಳು ಬಳಿಕ ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನೂ ಹಾಡಿದರೆಂಬುದನ್ನು ಜೊತೆಗಿಟ್ಟರೆ, ಮಹಾಪುರುಷನ ಗುಣವನ್ನು ಅವನ ಗೆಲವಿನಲ್ಲಲ್ಲ, ಅವನು ಹೋಗುವ ರೀತಿಯಲ್ಲಿ ಅರಸುವುದು ಈ ಕವಿಯ ನಿಲುವೆಂದು ತಿಳಿಯುತ್ತದೆ.

ಕಾವ್ಯದ ಕೊರತೆಯನ್ನೂ ಹೇಳಬೇಕು. ಪೈಗಳ ಪದಭಂಡಾರ ಅಪಾರವಾದುದು; ಆ ಸಿರಿಯೇ ಇಲ್ಲಿ ಕೆಲವೆಡೆ ಭಾರವಾಗಿದೆ. ಹಳಗನ್ನಡದ ಶಬ್ದಗಳೂ ಸಂಸ್ಕೃತದ ಸಮಾಸಗಳೂ ಒತ್ತೊತ್ತಾಗಿ ಬಂದು, ಮೌನವಾಗಿ ನೋವುಂಡವನ ಸುತ್ತ ಸದ್ದು ಹೆಚ್ಚಾಯಿತೆನ್ನಿಸುತ್ತದೆ. ಬಡಗಿಯ ಮಗನಿಗೆ ಇಷ್ಟು ಒಡವೆ ಬೇಕಿತ್ತೆ ಎಂದು ಕೇಳುವ ಓದುಗನನ್ನು ನಾವು ತಪ್ಪುಗಾರನೆನ್ನಲಾರೆವು. ಆದರೂ ಕ್ರೈಸ್ತನಲ್ಲದ ಕವಿಯೊಬ್ಬನು ಮತಾಂತರದ ಹಂಗೂ ಖಂಡನೆಯ ಹಟವೂ ಇಲ್ಲದೆ ಈ ಸಾವಿನ ಮುಂದೆ ನಿಂತನೆಂಬುದು ಕನ್ನಡಕ್ಕೆ ಸಣ್ಣ ಸಂಗತಿಯಲ್ಲ.

ಹಾಗಾದರೆ ಆ ಹೆಸರನ್ನು ಹೊತ್ತವರು ಆ ಗುಣವನ್ನು ಇತರರಿಗೆ ತೋರುವುದೆಂತು? ಇದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ನಿದರ್ಶನವಿದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಫರ್ಡಿನೆಂಡ್ ಕಿಟ್ಟೆಲರು ಈ ನಾಡಿಗೆ ಬಂದುದು 1853ರಲ್ಲಿ. ಅವರು 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸುಗಳಲ್ಲೇ ರಚಿಸಿದರು. ಉದ್ದೇಶ ನೇರವಾದುದು: ಕ್ರಿಸ್ತನನ್ನು ಸಾರುವುದು. ಇಂದು ಅದನ್ನು ಸಂಶೋಧಕರಲ್ಲದೆ ಬೇರೆಯವರು ತೆರೆಯುವುದು ವಿರಳ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹಾಗಲ್ಲ. ಸುಮಾರು 70,000 ಶಬ್ದಗಳ ಆ ಹೊತ್ತಗೆಯನ್ನು ಇಂದಿಗೂ ವಿದ್ವಾಂಸರು ಬಿಡಲಾರರು.

ಕೋಶ ಬರೆಯುವವನು ಮೊದಲು ಕೇಳಬೇಕು. ಪರರ ಮಾತನ್ನು ಅವರ ಅರ್ಥದಲ್ಲೇ ಬರೆದಿಡಬೇಕು, ತನ್ನ ಅರ್ಥವನ್ನು ತುರುಕಬಾರದು. ಕಿಟ್ಟೆಲರು ಜೈನ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, ಕೋಶದಲ್ಲಿ ವೀರಶೈವ ಪುರಾಣ, ದಾಸರ ಪದ, ಜನರ ಗಾದೆಗಳ ಪ್ರಯೋಗಗಳನ್ನು ಪೋಣಿಸಿದರು. ಅವರಿಗಿಂತ ಮೊದಲೇ ಮೋಗ್ಲಿಂಗರು ದಾಸರ ಪದಗಳನ್ನು ಅಚ್ಚು ಹಾಕಿಸಿದ್ದರು. ತಾನು ಒಪ್ಪದ ಭಕ್ತಿಯ ಮಾತನ್ನೂ ಒಂದಕ್ಷರ ಕೆಡದಂತೆ ಕಾಪಾಡುವ ಈ ಶ್ರದ್ಧೆಯಲ್ಲಿ, ನೇರ ಬೋಧನೆಯ ಪದ್ಯಕ್ಕಿಂತ ಹೆಚ್ಚಾಗಿ, ಆ ಶಿಲುಬೆಯವನ ಗುಣ ಕಾಣುತ್ತದೆ ಎಂಬುದು ನಮ್ಮ ಎಣಿಕೆ. ಧರ್ಮಬೋಧನೆಯನ್ನು ಬಿಟ್ಟು ಪದಗಳ ಬೆನ್ನು ಹತ್ತಿದ್ದು ಮಿಶನ್ನಿನ ಹಿರಿಯರಿಗೆ ಸದಾ ರುಚಿಸಲಿಲ್ಲವೆಂಬುದೂ ಇಲ್ಲಿ ನೆನೆಯತಕ್ಕದ್ದು.

ಕಿಟ್ಟೆಲರನ್ನು ಬರಿಯ ಭಾಷಾಸೇವಕರೆಂದು ಹೊಗಳಿ ಅವರ ನಂಬಿಕೆಯನ್ನು ಮರೆಮಾಚುವುದು ನಮ್ಮ ಸಭೆಗಳಲ್ಲಿ ರೂಢಿಯಾಗಿದೆ. ಅದು ಸೌಜನ್ಯವಿರಬಹುದು, ಸತ್ಯವಲ್ಲ. ಇತ್ತ, ಎಲ್ಲವೂ ಮತಾಂತರದ ಹುನ್ನಾರವೆಂದು ತಳ್ಳುವವರೂ ಇದ್ದಾರೆ. ಮಿಶನ್ನುಗಳ ಕಾಲದಲ್ಲಿ ಪರಮತವನ್ನು ಹಳಿಯುವ ಕಿರುಹೊತ್ತಗೆಗಳು ಹಂಚಿಕೆಯಾದುದು ನಿಜ. ಅವುಗಳಿಂದ ನೊಂದವರ ನೋವೂ ನಿಜ. ಆ ಹೊತ್ತಗೆಗಳಲ್ಲಿ ದೇವರ ಗುಣ ಕಾಣಿಸಲಿಲ್ಲವೆಂದು ಕ್ರೈಸ್ತರೇ ಮೊದಲು ಹೇಳಬೇಕಾದುದು. ಹಳಿದು ಗೆಲ್ಲಹೊರಟವನು, ಶಿಲುಬೆಯಿಂದ ಇಳಿದು ಬಾ ಎಂದವರ ಸಾಲಿನಲ್ಲಿ ನಿಲ್ಲುತ್ತಾನೆ.

ಗಡಿನಾಡಿನ ಇಗರ್ಜಿಗಳೂ ಸಂಘಗಳೂ ಕೂಡಿ ಒಂದು ಸಂಜೆ ‘ಗೊಲ್ಗೊಥಾ’ವನ್ನು ಗಮಕಿಗಳಿಂದ ವಾಚನ ಮಾಡಿಸಬಹುದು. ವ್ಯಾಖ್ಯಾನಕಾರರು ಬೇಕೇಬೇಕು, ಪದಗಳು ಕಠಿನ. ಕೊಂಕಣಿ ಮನೆಮಾತಿನ ಕವಿಯ ಆ ಕನ್ನಡ ಶಬ್ದಗಳಲ್ಲಿ ಹಲವಕ್ಕೆ ಅರ್ಥ ಹುಡುಕುವಾಗ, ಜರ್ಮನಿಯಿಂದ ಬಂದ ಪಾದ್ರಿಯ ಆ ದಪ್ಪ ಕೋಶವನ್ನೇ ತೆರೆಯಬೇಕಾದೀತು.