ಮಲ್ಲಯುದ್ಧದ ಸ್ಪರ್ಶ: ಭರತ-ಬಾಹುಬಲಿ ಪ್ರಸಂಗದ ಒಂದು ವಿಚಾರ

ಭರತ-ಬಾಹುಬಲಿಯರ ಕಥೆಯನ್ನು ಕೇಳದೆ ಬೆಳೆದ ಮಗು ನಮ್ಮ ಸಮಾಜದಲ್ಲಿ ಇರಲಾರದು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ವಿಸ್ತರಿಸಿ ಹೇಳಿದ ಈ ವೃತ್ತಾಂತವನ್ನು ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ತನ್ನ ಆದಿಪುರಾಣದ ಮೂಲಕ ಕನ್ನಡಕ್ಕೆ ತಂದನು. ಪ್ರವಚನಕಾರರೂ ವಿಮರ್ಶಕರೂ ಈ ಪ್ರಸಂಗದಿಂದ ಎರಡು ಸಂಗತಿಗಳನ್ನು ಮುಖ್ಯವಾಗಿ ಎತ್ತಿ ಹೇಳುತ್ತ ಬಂದಿದ್ದಾರೆ. ಒಂದು, ರಾಜ್ಯದಾಸೆಯು ಒಡಹುಟ್ಟಿದವರನ್ನೂ ಎದುರುಬದುರು ನಿಲ್ಲಿಸಿತು. ಎರಡು, ಗೆದ್ದವನೇ ಗೆದ್ದುದನ್ನು ಬಿಟ್ಟು ತಪಸ್ಸಿಗೆ ನಡೆದನು. ಇವೆರಡೂ ನಿಜ. ಆದರೆ ಇವೆರಡರ ನಡುವೆ ಒಂದು ಗಳಿಗೆಯಿದೆ. ತಮ್ಮನ ತೋಳು ಅಣ್ಣನ ಮೈಯನ್ನು ಹಿಡಿದೆತ್ತಿದ ಗಳಿಗೆ ಅದು. ನನ್ನ ಅಲ್ಪಮತಿಗೆ ತೋರುವಂತೆ ಪ್ರಸಂಗದ ಗಂಟು ಇರುವುದು ಅಲ್ಲಿಯೇ. ನಾನು ವಾಣಿಜ್ಯ ಓದಿ, ಜವಳಿ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮುಂದೆ ಆಯುಷ್ಯದ ಬಹುಭಾಗ ಕಳೆದವನು. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕೆಂದು ಮೊದಲೇ ಬಿನ್ನವಿಸಿಕೊಳ್ಳುತ್ತೇನೆ.

ಸೈನ್ಯಗಳು ಎದುರಾದಾಗ, ನಿರಪರಾಧಿಗಳ ರಕ್ತ ಹರಿಯಬಾರದೆಂದು ಮಂತ್ರಿಗಳು ಧರ್ಮಯುದ್ಧವನ್ನು ಸೂಚಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಈ ಮೂರರ ಕ್ರಮವನ್ನು ಗಮನಿಸಬೇಕು. ಮೊದಲನೆಯದರಲ್ಲಿ ಕಣ್ಣಿಗೆ ಕಣ್ಣು. ಮೈಗೂ ಮೈಗೂ ನಡುವೆ ಅಂತರವಿದೆ. ಎರಡನೆಯದರಲ್ಲಿ ನಡುವೆ ನೀರಿದೆ. ಮೂರನೆಯದರಲ್ಲಿ ಏನೂ ಇಲ್ಲ. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525 ಎಂದು ಪುರಾಣಗಳು ಹೇಳುತ್ತವೆ. ಆದ್ದರಿಂದ ನೋಟದಲ್ಲಿ ಅಣ್ಣನು ತಲೆಯೆತ್ತಬೇಕಾಯಿತು, ಸೋತನು. ನೀರಿನಲ್ಲಿ ಅವನು ಎರಚಿದ್ದು ತಮ್ಮನ ಎದೆಯವರೆಗೆ ಮಾತ್ರ ಮುಟ್ಟಿತು, ತಮ್ಮನು ಎರಚಿದ್ದು ಅವನ ಮುಖಕ್ಕೆ ಬಡಿಯಿತು, ಅಲ್ಲಿಯೂ ಸೋತನು. ಎರಡು ಬಾರಿ ಎಲ್ಲರೆದುರು ಸೋತರೂ ಚಕ್ರವರ್ತಿಯು ನಿಯಮವನ್ನು ಮುರಿಯಲಿಲ್ಲ. ಮೂರನೆಯದರಲ್ಲಿ ಬಾಹುಬಲಿಯು ಅವನನ್ನು ಎತ್ತಿಹಿಡಿದನು. ಹಿರಿಯನೆಂಬ ಗೌರವದಿಂದ ನೆಲಕ್ಕೆ ಅಪ್ಪಳಿಸಲಿಲ್ಲ. ಒಂದು ಗಾಯವೂ ಆಗಲಿಲ್ಲ. ಆ ಕ್ಷಣದಲ್ಲಿ ಭರತನು ಚಕ್ರರತ್ನವನ್ನು ನೆನೆದನು. ಒಡಹುಟ್ಟಿದವನ ಮೇಲೆಯೇ ಅದನ್ನು ಪ್ರಯೋಗಿಸಿದನು.

ಬಾಹುಬಲಿಯು ಅಣ್ಣನನ್ನು ಕೆಡಹದಿದ್ದುದನ್ನು ಅವನ ದೊಡ್ಡಗುಣವೆಂದು ಎಲ್ಲರೂ ಕೊಂಡಾಡುತ್ತಾರೆ. ಅದು ದೊಡ್ಡಗುಣವೇ ಹೌದು. ಆದರೆ ಅಷ್ಟಕ್ಕೇ ನಿಂತರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ನೋಟದ ಸೋಲನ್ನೂ ನೀರಿನ ಸೋಲನ್ನೂ ತಡೆದುಕೊಂಡವನು, ಪೆಟ್ಟೇ ಬೀಳದ ಈ ಸೋಲನ್ನು ಏಕೆ ತಡೆದುಕೊಳ್ಳಲಿಲ್ಲ? ಕೆಡಹಿದ್ದರೆ ಅದು ಬಲದ ಸೋಲು. ಎತ್ತಿಹಿಡಿದು ಉಳಿಸಿದಾಗ, ನಿನ್ನ ಮೈ ಈಗ ನನ್ನ ಕೈಯಲ್ಲಿದೆ, ಏನು ಮಾಡಬೇಕೆಂಬುದು ನನ್ನ ಇಚ್ಛೆ ಎಂದು ಹೇಳಿದಂತಾಯಿತು. ತಮ್ಮನ ಮನಸ್ಸಿನಲ್ಲಿ ಆ ಮಾತು ಇರಲಿಲ್ಲ, ಅಣ್ಣನ ಮೈಗೆ ಅದೇ ಕೇಳಿಸಿತು.

ಸ್ಪರ್ಶಕ್ಕೆ ಇಷ್ಟು ಶಕ್ತಿ ಎಲ್ಲಿಯದು ಎಂಬುದಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಸುಳಿವಿದೆ. ಐದು ಇಂದ್ರಿಯಗಳಲ್ಲಿ ಮೊದಲನೆಯದು ಸ್ಪರ್ಶನೇಂದ್ರಿಯ. ಗಿಡಮರಗಳಂತಹ ಏಕೇಂದ್ರಿಯ ಜೀವಕ್ಕೆ ಇರುವುದು ಅದೊಂದೇ. ಬೇಡವೆನಿಸಿದ್ದನ್ನು ನೋಡದಂತೆ ಕಣ್ಣು ಮುಚ್ಚಬಹುದು, ಬೇಡದ ಮಾತಿಗೆ ಕಿವಿ ಮುಚ್ಚಬಹುದು. ಚರ್ಮವನ್ನು ಮುಚ್ಚಿಕೊಳ್ಳುವ ಬಗೆಯಿಲ್ಲ, ದೂರ ಸರಿಯಬೇಕಷ್ಟೆ. ಸರಿಯುವ ಸ್ವಾತಂತ್ರ್ಯವಿಲ್ಲದವನು ಆ ಹೊತ್ತಿಗೆ ಏಕೇಂದ್ರಿಯ ಜೀವಿಯಂತೆ ನಿಂತಲ್ಲಿಯೇ ನಿಂತು ಸಹಿಸಬೇಕು. ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಹೊಡೆತವನ್ನು ಹೇಳಿದ್ದಾರೆ, ಅದರ ಜೊತೆಗೆ ಬಂಧನವನ್ನೂ ಹೇಳಿದ್ದಾರೆ. ತನ್ನಿಚ್ಛೆಯಂತೆ ಹೋಗಲಾರದ ಹಾಗೆ ಜೀವಿಯನ್ನು ತಡೆಯುವುದು ಬಂಧ. ನಗುನಗುತ್ತಲೇ ಒಬ್ಬನ ಭುಜವನ್ನು ಅದುಮಿ ಹಿಡಿದು, ಅವನು ಕದಲದಂತೆ ಮಾಡಿ ನಮ್ಮ ಮಾತು ಮುಗಿಸುವುದು ಅದರ ಒಂದು ಸಣ್ಣ ರೂಪವಲ್ಲವೆ?

ನಮ್ಮ ಕವಿಗಳು ಸ್ಪರ್ಶದ ಕ್ರೂರ ಮುಖವನ್ನೂ ಬಲ್ಲವರಾಗಿದ್ದರು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ದುಶ್ಶಾಸನನ ಕೈ ದ್ರೌಪದಿಯ ಮುಡಿಗೆ ಬೀಳುತ್ತದೆ. ಅದು ಎಲ್ಲರೂ ನೋಡಲೆಂದೇ ಮಾಡಿದ ಸ್ಪರ್ಶ. ಹಿಡಿದದ್ದು ಒಬ್ಬಳನ್ನು, ಬೆದರಿಸಿದ್ದು ಸಭೆಯಲ್ಲಿ ಕುಳಿತ ಐವರನ್ನು. ರನ್ನನ ಗದಾಯುದ್ಧದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ಮಕುಟಕ್ಕೆ ಭೀಮನ ಕಾಲು ತಾಗುತ್ತದೆ. ಮುಡಿಗೆ ಕೈ ಹಾಕಿದ್ದಕ್ಕೆ ಮಕುಟಕ್ಕೆ ಕಾಲಿನ ಉತ್ತರ. ಈ ಲೆಕ್ಕ ಚುಕ್ತಾ ಆಗುವುದರೊಳಗೆ ಎರಡೂ ಕಡೆಯ ಸೇನೆಗಳು ಅಳಿದಿದ್ದವು. ದುಶ್ಶಾಸನನ ತಪ್ಪು ಯಾರಿಗಾದರೂ ಕಾಣುವಂಥದು. ಬಾಹುಬಲಿಯ ಪ್ರಸಂಗದ ಹೆಚ್ಚುಗಾರಿಕೆಯೆಂದರೆ, ಅಲ್ಲಿ ಮುಟ್ಟಿದವನು ಸಜ್ಜನ, ಮುಟ್ಟಿದ್ದು ಮರ್ಯಾದೆಯಿಂದ. ಆದರೂ ನೋವಾಯಿತು.

ಇದು ಪುರಾಣಕಾಲಕ್ಕೆ ಮುಗಿದ ಮಾತಲ್ಲ. ಅಮೆರಿಕದ ಲಿಂಡನ್ ಜಾನ್ಸನ್ ಅಧ್ಯಕ್ಷರಾಗುವ ಮೊದಲು, 1955ರಿಂದ 1961ರವರೆಗೆ ಅಲ್ಲಿಯ ಸೆನೆಟ್ಟಿನಲ್ಲಿ ಬಹುಮತದ ನಾಯಕರಾಗಿದ್ದರು. ಆರಡಿ ಮೂರು ಅಂಗುಲಕ್ಕೂ ಮಿಕ್ಕ ಆಳು. ಮತ ಬೇಕಾದಾಗ ಎದುರಿನವರ ಮುಖಕ್ಕೆ ಮುಖ ತಂದು, ಭುಜದ ಮೇಲೆ ಕೈಯಿಟ್ಟು, ಕೋಟಿನ ಅಂಚನ್ನು ಹಿಡಿದು, ಹಿಂದೆ ಸರಿಯಲು ಜಾಗವಿಲ್ಲದಂತೆ ಮಾಡಿ ಮಾತನಾಡುತ್ತಿದ್ದರು. ಈ ಪರಿಗೆ ಅಲ್ಲಿಯ ಪತ್ರಕರ್ತರು 'ಜಾನ್ಸನ್ ಟ್ರೀಟ್‌ಮೆಂಟ್' ಎಂದೇ ಹೆಸರಿಟ್ಟರು. 1957ರಲ್ಲಿ ಜಾರ್ಜ್ ಟೇಮ್ಸ್ ಎಂಬ ಛಾಯಾಗ್ರಾಹಕರು ತೆಗೆದ ಚಿತ್ರಗಳಲ್ಲಿ, ತೊಂಬತ್ತರ ಹತ್ತಿರದ ವಯೋವೃದ್ಧ ಸೆನೆಟರ್ ಥಿಯೊಡೋರ್ ಗ್ರೀನ್ ಅವರ ಮೇಲೆ ಜಾನ್ಸನ್ ಬಾಗಿದ್ದಾರೆ, ಗ್ರೀನ್ ಹಿಂದಕ್ಕೆ ವಾಲಿದ್ದಾರೆ. ಇಬ್ಬರೂ ಒಂದೇ ಪಕ್ಷದವರು; ನೋಡಿದವರಿಗೆ ಅದು ಸ್ನೇಹದ ಮಾತುಕತೆ ಎಂದೇ ತೋರಬಹುದು. ಗಮನಿಸಬೇಕಾದದ್ದು ಹಿಂದಕ್ಕೆ ವಾಲಿದ ಆ ಬೆನ್ನನ್ನು.

ನ್ಯಾನ್ಸಿ ಹೆನ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮುಟ್ಟುವ ಅಧಿಕಾರವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆಂದು ವಾದಿಸಿದರು. ಅನಂತರದ ಸಂಶೋಧಕರು ಇದು ಎಲ್ಲೆಡೆಯೂ ಇಷ್ಟು ಸರಳವಲ್ಲವೆಂದು ತೋರಿಸಿದ್ದಾರೆ. ಆದರೂ ನಮ್ಮ ಸುತ್ತ ನೋಡಿದರೆ ಆ ಮಾತಿನಲ್ಲಿ ಹುರುಳಿದೆ. ಸಾಹುಕಾರನು ಗುಮಾಸ್ತನ ಬೆನ್ನು ತಟ್ಟುತ್ತಾನೆ, ಗುಮಾಸ್ತನು ಸಾಹುಕಾರನ ಬೆನ್ನು ತಟ್ಟುವುದಿಲ್ಲ. ಅಧಿಕಾರಿಯು ಜವಾನನ ಹೆಗಲ ಮೇಲೆ ಕೈ ಹಾಕುತ್ತಾನೆ, ಜವಾನನ ಕೈ ಅಷ್ಟು ಮೇಲಕ್ಕೆ ಏಳುವುದಿಲ್ಲ. ಕಾನೂನಿಗೂ ಇದು ತಿಳಿಯದ ವಿಷಯವಲ್ಲ. ಒಪ್ಪಿಗೆಯಿಲ್ಲದೆ, ಭಯವನ್ನೋ ಕಿರಿಕಿರಿಯನ್ನೋ ಉಂಟುಮಾಡುವುದೆಂದು ತಿಳಿದು ಬಲವನ್ನು ಉಪಯೋಗಿಸಿದರೆ, ಗಾಯವಾಗದಿದ್ದರೂ ಅದು ಅಪರಾಧವೆಂದು ಹಳೆಯ ದಂಡ ಸಂಹಿತೆ ಹೇಳುತ್ತಿತ್ತು; 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ರಕ್ಷಣೆಗೆಂದು 2013ರಲ್ಲಿ ಬಂದ ಕಾಯ್ದೆಯು ಲೈಂಗಿಕ ಕಿರುಕುಳವನ್ನು ವಿವರಿಸುವಾಗ, ಅದು ಆಕೆಗೆ ಬೇಡವಾದದ್ದೇ ಎಂಬುದನ್ನು ಅಳತೆಗೋಲಾಗಿ ಇಟ್ಟಿದೆ.

ಹಾಗಾದರೆ ಸ್ಪರ್ಶವೆಲ್ಲವೂ ದೋಷವೆ ಎಂದು ವಾಚಕರು ಕೇಳಬಹುದು. ಖಂಡಿತ ಅಲ್ಲ. ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಾವು ನೋಡಿದ್ದೇವೆ. ಅಲ್ಲಿ ಇಬ್ಬರ ಕೈಯೂ ಮಾತನಾಡುತ್ತದೆ, ಒಪ್ಪದಿದ್ದರೆ ಇಬ್ಬರಲ್ಲಿ ಯಾರಾದರೂ ಕೈ ಬಿಡಿಸಿಕೊಳ್ಳಬಹುದು. ಸ್ಪರ್ಶದ ಪರೀಕ್ಷೆ ಇಷ್ಟೇ: ಅವನು ನನ್ನನ್ನು ಹಾಗೆಯೇ ಮುಟ್ಟಿದರೆ ನಾನು ಸಹಿಸುವೆನೆ? ಬೇಡವೆನ್ನಲು ಅವನಿಗೆ ಧೈರ್ಯವಿದೆಯೆ? ಖಾತೆ ಬರೆಯುವಾಗ ಕೊಟ್ಟದ್ದನ್ನಷ್ಟೇ ಬರೆದು, ತೆಗೆದುಕೊಂಡವನ ಬದಿಯನ್ನು ಖಾಲಿ ಬಿಟ್ಟರೆ ಆ ಲೆಕ್ಕವನ್ನು ಯಾವ ತಪಾಸಣೆಗಾರನೂ ಒಪ್ಪುವುದಿಲ್ಲ.

ಹೀಗೆ ಬರೆಯುವ ನಾನೇ ಆ ಬದಿಯನ್ನು ಬಹುಕಾಲ ಖಾಲಿ ಬಿಟ್ಟವನು. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಅಂಗಡಿಯಲ್ಲಿ ಇಪ್ಪತ್ತರ ಒಬ್ಬ ಯುವಕನು ಬಟ್ಟೆ ಅಳೆಯುವ ಕೆಲಸಕ್ಕಿದ್ದನು. ಅವನು ತಪ್ಪಿದಾಗ ನಾನು ಬೈಯುತ್ತಿರಲಿಲ್ಲ. ಹಿಂದಿನಿಂದ ಬಂದು, ನಗುತ್ತ, ಅವನ ಕತ್ತಿನ ಹಿಂಭಾಗವನ್ನು ಹಿಡಿದು ತಪ್ಪಿನ ಕಡೆಗೆ ತಿರುಗಿಸುತ್ತಿದ್ದೆ. ಯಾರ ಮೇಲೂ ಕೈ ಮಾಡದ ಸಾಹುಕಾರನೆಂಬ ಹೆಮ್ಮೆ ನನಗಿತ್ತು. ಒಂದು ದಿನ ಕತ್ತರಿ ತೆಗೆದುಕೊಳ್ಳಲು ನಾನು ಅವನ ಬೆನ್ನ ಹಿಂದೆ ಬಂದೆ. ಮುಟ್ಟುವ ಮೊದಲೇ ಅವನ ಎರಡೂ ಭುಜಗಳು ಕಿವಿಯವರೆಗೆ ಏರಿದವು, ಕೈಯಲ್ಲಿದ್ದ ಬಟ್ಟೆ ಸೊಟ್ಟಗೆ ಹರಿಯಿತು. ಎದುರಿದ್ದ ವೃದ್ಧೆಯೊಬ್ಬರು, "ಯಾಕಪ್ಪಾ, ಸಾಹುಕಾರರು ಹೊಡೀತಾರೇನು?" ಎಂದು ಕೇಳಿದರು. "ಇಲ್ಲಮ್ಮಾ, ನಮ್ಮ ಸಾಹುಕಾರರು ಭಾಳ ಒಳ್ಳೆಯವರು" ಎಂದನು ಅವನು. ಅವನು ಸುಳ್ಳು ಹೇಳಲಿಲ್ಲ. ಆದರೆ ಅವನ ಭುಜಗಳೂ ಸುಳ್ಳು ಹೇಳಿರಲಿಲ್ಲ. ಅಂದಿನಿಂದ ಆ ಅಭ್ಯಾಸವನ್ನು ಬಿಟ್ಟೆ. ಬಿಟ್ಟೆನೆಂದು ಅವನಿಗೆ ಹೇಳಲಿಲ್ಲ. ಮರುವರ್ಷ ಅವನು ಬೇರೆ ಊರಿಗೆ ಹೋದನು. ಕ್ಷಮಾವಣಿಯ ದಿನ ಊರಿಗೆಲ್ಲ ಕ್ಷಮಾಪಣೆಯ ಕಾಗದ ಬರೆಯುವ ನಾನು ಅವನಿಗೆ ಬರೆಯಲಿಲ್ಲ. ಹೊಡೆದಿಲ್ಲವಲ್ಲ, ಕ್ಷಮೆ ಯಾವುದಕ್ಕೆ ಎಂದು ಸಮಾಧಾನ ಹೇಳಿಕೊಂಡೆ.

ಈಗ ಕಾವ್ಯಕ್ಕೆ ಮರಳೋಣ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ತನ್ನ ಭರತೇಶ ವೈಭವದಲ್ಲಿ ಈ ಕಾಳಗವನ್ನೇ ತೆಗೆದುಹಾಕಿದ್ದಾನೆ. ಅಲ್ಲಿ ಅಣ್ಣನು ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ, ಮೈಗೆ ಮೈ ತಾಗುವುದಿಲ್ಲ. ಭರತನ ಘನತೆಗೆ ಕುಂದು ಬಾರದಿರಲೆಂದು ಕವಿ ಹೀಗೆ ಮಾಡಿದನೆಂದು ಹೇಳುವುದುಂಟು. ಕವಿಗೆ ಭರತನ ಮೇಲಿದ್ದ ಪ್ರೀತಿ ಅರ್ಥವಾಗುವಂಥದೇ. ಆದರೆ ಈ ಬದಲಾವಣೆಯಿಂದ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದು ಹೆಚ್ಚೆಂದು ನನಗೆ ತೋರುತ್ತದೆ. ಸಜ್ಜನನ ಕೈಯಿಂದಲೂ ಮಾನಹಾನಿಯಾಗಬಲ್ಲದು ಎಂಬ ಕಠಿಣ ಪಾಠವು ಜಿನಸೇನ-ಪಂಪರಲ್ಲಿ ಉಳಿದಿದೆ, ಇಲ್ಲಿ ಇಲ್ಲವಾಗಿದೆ.

ಆ ಪಾಠವನ್ನು ಜಿನಸೇನಾಚಾರ್ಯರು ಮಲ್ಲಯುದ್ಧದಲ್ಲಿಯೇ ಮುಗಿಸಿಲ್ಲ ಎಂಬುದು ಗಮನಾರ್ಹ. ಬಾಹುಬಲಿಯು ಒಂದು ವರ್ಷ ಅಲುಗಾಡದೆ ನಿಂತನು. ರಾಜ್ಯ ಬಿಟ್ಟಿದ್ದನು, ಆಹಾರ ಬಿಟ್ಟಿದ್ದನು; ಕೇವಲಜ್ಞಾನ ಮಾತ್ರ ಒಲಿಯಲಿಲ್ಲ. ನಿಂತ ನೆಲ ಭರತನದೆಂಬ ಎಣಿಕೆ ಅವನನ್ನು ಕಾಡಿತೆಂದು ನಮ್ಮ ಜನ ಹೇಳುವುದುಂಟು. ಆಚಾರ್ಯರು ಹೇಳುವುದು ಇನ್ನೂ ಸೂಕ್ಷ್ಮವಾದದ್ದು: ತನ್ನಿಂದ ಭರತನು ನೊಂದನಲ್ಲ ಎಂಬ ಭಾವವು ಅವನ ಹೃದಯದಲ್ಲಿ ಉಳಿದಿತ್ತು. ನಾನು ಮೆಲ್ಲನೆ ಎತ್ತಿದೆ, ಕೆಡಹಲಿಲ್ಲ ಎಂಬ ಸಮರ್ಥನೆ ಅವನಿಗೆ ಸುಲಭವಾಗಿ ದೊರೆಯುತ್ತಿತ್ತು. ಅವನು ಅದನ್ನು ಹಿಡಿದುಕೊಳ್ಳಲಿಲ್ಲ. ಖಾತೆಯ ಇನ್ನೊಂದು ಬದಿಯನ್ನು ತಾನೇ ಬರೆದುಕೊಂಡನು. ಭರತನೇ ಬಂದು ಪೂಜಿಸಿದ ಮೇಲೆ ಆ ಭಾವ ಕರಗಿತು, ಜ್ಞಾನ ಒಲಿಯಿತು.

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರ ಸುಮಾರಿಗೆ ನಿಲ್ಲಿಸಿದ 58 ಅಡಿಯ ಮೂರ್ತಿಯ ಮುಂದೆ ನಿಂತವರು ಸಾಮಾನ್ಯವಾಗಿ ಮುಖದ ಮಂದಹಾಸವನ್ನು ನೋಡುತ್ತಾರೆ. ಮುಂದಿನ ಸಲ ಹೋದಾಗ ತೋಳುಗಳನ್ನೂ ನೋಡಬೇಕೆಂದು ಕೋರುತ್ತೇನೆ. ಚಕ್ರವರ್ತಿಯನ್ನು ಎತ್ತಿದ ತೋಳುಗಳು ಅವು. ಈಗ ಇಳಿಬಿದ್ದಿವೆ; ಯಾರನ್ನೂ ಹಿಡಿದಿಲ್ಲ. ಬಳ್ಳಿಗಳು ಮಾತ್ರ ಅವುಗಳನ್ನು ಹಬ್ಬಿವೆ, ಬೇಡವೆಂದು ಅವನು ಕೊಡವಿಕೊಂಡಿಲ್ಲ.

ಈ ಲೇಖನ ಮುಗಿದ ಮೇಲೆ ಒಂದು ಕಾಗದ ಬರೆಯುವುದಿದೆ. ವಿಳಾಸ ಹುಡುಕಬೇಕು. ಮೂವತ್ತು ವರ್ಷ ತಡವಾಗಿದೆ, ಆದರೂ ಕ್ಷಮಾವಣಿಯ ಬಾಕಿಗೆ ಅವಧಿ ಮೀರಿತೆಂಬ ಮಾತಿಲ್ಲ.