ಉಡುಗೆ ಮತ್ತು ಹಂಗು: ಅಕ್ಕನ ಮೂರು ಸಂಬೋಧನೆಗಳು

ಹೆಣ್ಣಿನ ಉಡುಗೆಗೂ ಅವಳ ಆತ್ಮಸ್ಥೈರ್ಯಕ್ಕೂ ಇರುವ ಸಂಬಂಧದ ಮಾತು ಬಂದಾಗ ಕನ್ನಡದಲ್ಲಿ ಅಕ್ಕಮಹಾದೇವಿಯ ಹೆಸರು ಬಾರದಿರುವುದಿಲ್ಲ. ಆದರೆ ಬಹುಪಾಲು ಅವಳು ‘ಉಡುಗೆಯನ್ನು ತೊರೆದವಳು’ ಎಂಬ ಒಂದೇ ಚಿತ್ರದಲ್ಲಿ ಮುಗಿದುಹೋಗುತ್ತಾಳೆ. ಕನ್ನಡದ ಹೊರಗೂ ಮೊದಲು ತಲುಪಿದ್ದು ಈ ಚಿತ್ರವೇ. ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (೧೯೭೩) ಅವಳನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕವಿ ಜೇನ್ ಹರ್ಷ್‌ಫೀಲ್ಡ್ ಸಂಪಾದಿಸಿದ ‘ವಿಮೆನ್ ಇನ್ ಪ್ರೇಸ್ ಆಫ್ ದಿ ಸೇಕ್ರೆಡ್’ (೧೯೯೪) ೪೩ ಶತಮಾನಗಳ ಸ್ತ್ರೀಕಾವ್ಯದ ಸಾಲಿನಲ್ಲಿ ಅವಳಿಗೆ ಸ್ಥಾನ ಕೊಟ್ಟಿತು. ಆ ಪ್ರದೇಶದ ಕನ್ನಡ ಮನೆಗಳಲ್ಲಿ ಲಿಪಿಯನ್ನು ಕಲಿಯದೆ ಬೆಳೆದ ಹೆಣ್ಣುಮಕ್ಕಳಿಗೆ ಅಕ್ಕನತ್ತ ತೆರೆದಿರುವ ಬಾಗಿಲು ಇಂತಹ ಅನುವಾದಗಳೇ. ಆದ್ದರಿಂದ ಮೂಲದ ಪದಗಳು ಏನನ್ನು ಹೇಳುತ್ತವೆ ಎಂಬುದು ಪಾಠನಿಷ್ಠೆಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ.

ಉಡುಗೆಯನ್ನು ಕುರಿತ ಅಕ್ಕನ ಮೂರು ವಚನಗಳಲ್ಲಿ ಮೂರು ಬೇರೆ ಸಂಬೋಧನೆಗಳಿವೆ: ಮರುಳ, ಅವ್ವ, ಅಣ್ಣ.

ಕೈಸಿರಿ ಮೈಸಿರಿಗಳ ವಚನದಲ್ಲಿ ಕೇಳುಗನು ಮರುಳ. ಕೈಯಲ್ಲಿರುವ ಸಂಪತ್ತನ್ನು ದಂಡವಾಗಿ ಕೊಳ್ಳಬಲ್ಲ, ಮೈಮೇಲಿನ ಉಡುಗೆಯನ್ನು ಸೆಳೆಯಬಲ್ಲ ಅಧಿಕಾರವೊಂದು ಅವಳ ಎದುರಿಗಿದೆ. ಅದಕ್ಕೆ ಉತ್ತರವಾಗಿ ಅವಳು ಬಳಸುವ ಪದ ‘ನಿರ್ವಾಣ’. ಕನ್ನಡದಲ್ಲಿ ಈ ಪದಕ್ಕೆ ಮುಕ್ತಿ, ಬತ್ತಲೆ ಎಂಬ ಎರಡೂ ಅರ್ಥಗಳುಂಟು. ರಾಮಾನುಜನ್ ಇದನ್ನು ಗುರುತಿಸಿಯೇ ಒಂದು ಪದದ ಎಡೆಯಲ್ಲಿ ಶೂನ್ಯ, ನಗ್ನತೆ ಎಂಬರ್ಥದ ಎರಡು ಪದಗಳನ್ನಿಟ್ಟರು. ವಚನದಲ್ಲಿ ಆ ನಿರ್ವಾಣವು ಮೈಯನ್ನು ಮುಸುಕಿರುವ ಹೊದಿಕೆ. ದೇವರ ಬೆಳಕು ಅವಳು ‘ಉಟ್ಟ’ ವಸ್ತ್ರ. ಉಡು ಎಂಬ ಧಾತುವನ್ನು ಅಕ್ಕ ಬಿಟ್ಟಿಲ್ಲ, ಅದರ ಕರ್ಮಪದವನ್ನು ಬದಲಿಸಿದ್ದಾಳೆ. ಅನುವಾದ ಸೋಲುವುದು ವಚನದ ಕೊನೆಯಲ್ಲಿ ಬರುವ ‘ಹಂಗು’ ಎಂಬ ಪದದ ಬಳಿ. ರಾಮಾನುಜನ್ ಅದನ್ನು ಅಗತ್ಯ ಎಂಬರ್ಥದ ಪದಕ್ಕೆ ಇಳಿಸಿದ್ದಾರೆ. ಅಗತ್ಯವು ವಸ್ತುವಿನೊಡನೆ ಇರುವ ಸಂಬಂಧ. ಹಂಗು ಋಣದ, ಅಧೀನತೆಯ ಸಂಬಂಧ. ಅಕ್ಕ ನಿರಾಕರಿಸುವುದು ಎರಡನೆಯದನ್ನು.

ಮದುವಳಿಗೆಯ ವಚನದಲ್ಲಿ ಕೇಳುಗರು ಅವ್ವಂದಿರು. ಮಂಗಳಸ್ನಾನ, ಅರಿಸಿನ, ವಸ್ತ್ರ, ಅನುಲೇಪನ, ಆಭರಣ, ಬಾಸಿಗ ಎಂದು ಹೆಣ್ಣನ್ನು ಹಸೆಗೆ ಸಿದ್ಧಗೊಳಿಸುವ ಕ್ರಮವನ್ನೇ ವಚನವು ಅನುಸರಿಸುತ್ತದೆ. ಆದರೆ ಅರಿಸಿನದ ಎಡೆಯಲ್ಲಿ ವಿಭೂತಿ, ಒಡವೆಯ ಎಡೆಯಲ್ಲಿ ರುದ್ರಾಕ್ಷಿ ಬಂದಿವೆ. ವಸ್ತ್ರದ ಎಡೆಗೆ ಬರುವ ಪದ ‘ದಿಗಂಬರ’. ಬತ್ತಲೆ ಎಂಬ ದೇಸಿ ಪದ ಇಲ್ಲಿ ಹೊಂದುತ್ತಿರಲಿಲ್ಲ. ದಿಗಂಬರದಲ್ಲಿ ಅಂಬರವಿದೆ, ದಿಕ್ಕುಗಳೇ ಅಲ್ಲಿ ಬಟ್ಟೆ. ಈ ಸಮೀಕರಣಗಳ ಕೊನೆಯಲ್ಲಿ ಮರಳಿ ಮರಳಿ ಬರುವ ‘ಎನಗೆ’ ಎಂಬ ಚತುರ್ಥಿಯೇ ವಚನದ ಬೆನ್ನೆಲುಬು. ಯಾವುದು ತನಗೆ ಶೃಂಗಾರ ಎಂಬುದನ್ನು ಹೆಸರಿಸುವ ಅಧಿಕಾರ ಅವಳದು. ಇದನ್ನು ಶೃಂಗಾರದ ನಿರಾಕರಣೆ ಎಂದು ಓದುವವರು ಆ ‘ಎನಗೆ’ಯನ್ನು ಬಿಟ್ಟು ಓದುತ್ತಾರೆ.

ಮೂರನೆಯ ಸಂಬೋಧನೆ ಅಣ್ಣ. ಹದಿನೈದನೆಯ ಶತಮಾನದಲ್ಲಿ ರೂಪುಗೊಳ್ಳತೊಡಗಿದ ಶೂನ್ಯಸಂಪಾದನೆಗಳು ಹನ್ನೆರಡನೆಯ ಶತಮಾನದ ವಚನಗಳನ್ನು ಸಂವಾದವಾಗಿ ಪೋಣಿಸಿದವು. ಅಲ್ಲಿ ಅಲ್ಲಮನ ಪ್ರಶ್ನೆ ನೇರವಾದದ್ದು: ಉಡುಗೆಯನ್ನು ಬಿಟ್ಟವಳಿಗೆ ಕೂದಲಿನ ಮರೆ ಏಕೆ? ಅಕ್ಕನ ಉತ್ತರದಲ್ಲಿ ಪ್ರತಿಭಟನೆಯಿಲ್ಲ. ಒಳಗಿನ ಹಣ್ಣಿಗೂ ಹೊರಗಿನ ಸಿಪ್ಪೆಗೂ ಇರುವ ನಂಟನ್ನು ಅವಳು ನೆನಪಿಸುತ್ತಾಳೆ; ಕಾಮನ ಮುದ್ರೆಯನ್ನು ಕಂಡು ನೋಡುವವರು ನೊಂದಾರು ಎಂದು ಮುಚ್ಚಿಕೊಂಡೆ ಎನ್ನುತ್ತಾಳೆ. ಮರೆಯ ಕಾರಣ ತನ್ನ ಲಜ್ಜೆಯಲ್ಲ, ಎದುರಿನವರ ಕಣ್ಣು. ಈ ಒಂದು ದೃಶ್ಯವನ್ನಷ್ಟೇ ನೆನಪಿಟ್ಟುಕೊಂಡರೆ ಅಕ್ಕ ಪುರುಷರ ಸಭೆಯೊಂದರ ಪರೀಕ್ಷಾರ್ಥಿಯಾಗುತ್ತಾಳೆ, ಅವಳ ಸ್ಥೈರ್ಯ ಸಭೆಯ ಒಪ್ಪಿಗೆಯಿಂದ ಬಂದಂತಾಗುತ್ತದೆ. ಸಂಪಾದನಕಾರರ ಹೆಣಿಗೆಯಿಂದ ವಚನವನ್ನು ಬಿಡಿಸಿ, ಉಳಿದೆರಡರ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಆ ಉತ್ತರದ ದನಿ ಸರಿಯಾಗಿ ಕೇಳುತ್ತದೆ.

ಮರುಳನಿಗೆ ಮೂದಲಿಕೆ, ಅವ್ವಂದಿರಿಗೆ ಪ್ರಶ್ನೆ, ಅಣ್ಣನಿಗೆ ಸಮಾಧಾನ. ದನಿ ಬದಲಾದರೂ ನಿಲುವು ಬದಲಾಗುವುದಿಲ್ಲ. ಒಪ್ಪುವ ಉಡುಗೆಯಿಂದ ಹೆಣ್ಣಿಗೆ ಆತ್ಮವಿಶ್ವಾಸ ಬರುತ್ತದೆಂಬ ಇಂದಿನ ಮಾತಿಗೂ, ಉಡುಗೆಯ ಕಟ್ಟನ್ನು ಕಳಚಿದರೆ ಬರುತ್ತದೆಂಬ ಪ್ರತಿಮಾತಿಗೂ ಒಂದು ಸಾಮ್ಯವಿದೆ: ಎರಡೂ ಆ ವಿಶ್ವಾಸವನ್ನು ಬಟ್ಟೆಯ ಹಂಗಿನಲ್ಲಿಡುತ್ತವೆ. ಅಕ್ಕನ ವಚನಗಳಲ್ಲಿ ಉಡುವುದೂ ಇದೆ, ಬಿಡುವುದೂ ಇದೆ, ಮರೆಮಾಡುವುದೂ ಇದೆ. ಇಲ್ಲದಿರುವುದು ಹಂಗು ಮಾತ್ರ. ಮುಂದಿನ ಅನುವಾದಕರು ಈ ಎರಡಕ್ಷರಕ್ಕೆ ತಕ್ಕ ಪದವೊಂದನ್ನು ಹುಡುಕಬೇಕಾಗಿದೆ.