ಮನಸ್ಸಿಗೊಂದು ಪಿರಿಯಡ್ ಸಾಕೇ?

ಹತ್ತನೆಯ ತರಗತಿಯ ಮಗುವೊಂದು ಜೀವ ಕಳೆದುಕೊಂಡ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಏಳುವ ಬೇಡಿಕೆ ಒಂದೇ: ಶಾಲೆಗಳಲ್ಲಿ ಮಾನಸಿಕ ಆರೋಗ್ಯದ ಪಾಠ ಹೇಳಬೇಕು. ಮಂತ್ರಿಗಳು ಒಪ್ಪುತ್ತಾರೆ, ತಜ್ಞರು ತಲೆದೂಗುತ್ತಾರೆ, ಸುತ್ತೋಲೆ ಹೊರಡುತ್ತದೆ, ಶಿಕ್ಷಕರನ್ನು ತರಬೇತಿಗೆ ಕರೆಯುತ್ತಾರೆ. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಇದೇ ನಂಬಿಕೆಯ ಸರ್ಕಾರಿ ರೂಪ. ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು. ಅವರು ಹೇಳಬೇಕಾದ ಹನ್ನೊಂದು ವಿಷಯಗಳಲ್ಲಿ ಮನಸ್ಸಿನ ಆರೋಗ್ಯವೂ ಒಂದು.

ಕಳಕಳಿ ನಿಜವಾದದ್ದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2023ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,892. ಆದರೆ ಈ ಬೇಡಿಕೆಯ ಒಳಗೆ ಯಾರೂ ಪ್ರಶ್ನಿಸದ ಎರಡು ನಂಬಿಕೆಗಳು ಕೂತಿವೆ. ತಿಳಿವಳಿಕೆ ಕೊಟ್ಟಷ್ಟೂ ಒಳ್ಳೆಯದು, ಕೆಟ್ಟದ್ದಂತೂ ಆಗಲಾರದು ಎಂಬುದು ಮೊದಲನೆಯದು. ಆ ಕೆಲಸಕ್ಕೆ ಮೇಷ್ಟ್ರಿಗಿಂತ ತಕ್ಕವರಿಲ್ಲ ಎಂಬುದು ಎರಡನೆಯದು. ಒರೆಗೆ ಹಚ್ಚಿದಾಗ ಎರಡೂ ನಿಲ್ಲಲಿಲ್ಲ.

ಮೊದಲನೆಯದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಬ್ರಿಟನ್. ಅಲ್ಲಿನ 85 ಶಾಲೆಗಳ 8,376 ಮಕ್ಕಳ ಮೇಲೆ ನಡೆದ 'ಮಿರಿಯಡ್' ಅಧ್ಯಯನದಲ್ಲಿ ಅರ್ಧದಷ್ಟು ಮಕ್ಕಳಿಗೆ ತರಗತಿಯಲ್ಲೇ ಮೈಂಡ್‌ಫುಲ್‌ನೆಸ್ (ಈ ಕ್ಷಣದತ್ತ ಗಮನವಿಡುವ ಅಭ್ಯಾಸ) ಕಲಿಸಲಾಯಿತು, ಉಳಿದವರಿಗೆ ಎಂದಿನ ಪಾಠ. 2022ರಲ್ಲಿ ಫಲಿತಾಂಶ ಪ್ರಕಟವಾದಾಗ ಮಕ್ಕಳ ಖಿನ್ನತೆಯಲ್ಲಾಗಲಿ ನೆಮ್ಮದಿಯಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಬಹುಪಾಲು ಮಕ್ಕಳು ಕಲಿತದ್ದನ್ನು ಮನೆಯಲ್ಲಿ ಮಾಡಿಯೇ ಇರಲಿಲ್ಲ. ಅಷ್ಟಿಷ್ಟು ಲಾಭ ಆದದ್ದು ಶಿಕ್ಷಕರಿಗೆ: ಅವರ ಬಳಲಿಕೆ ಕೊಂಚ ಕಾಲ ಇಳಿದಿತ್ತು. ಮರುವರ್ಷ ಆಸ್ಟ್ರೇಲಿಯಾದಿಂದ ಬಂದ ವರದಿ ಇನ್ನೂ ಕಹಿಯಾಗಿತ್ತು. ಸಾವಿರದಷ್ಟು ಹದಿಹರೆಯದವರ ಪೈಕಿ ಭಾವನೆಗಳನ್ನು ನಿಭಾಯಿಸುವ ಎಂಟು ವಾರಗಳ ಪಾಠ ಕೇಳಿದವರನ್ನು ಕೇಳದವರ ಜೊತೆ ಹೋಲಿಸಿದರೆ, ಕೇಳಿದವರಲ್ಲೇ ಖಿನ್ನತೆ, ಆತಂಕಗಳ ಲಕ್ಷಣ ಹೆಚ್ಚಿತ್ತು. ಹೆತ್ತವರ ಜೊತೆಗಿನ ಸಂಬಂಧವೂ ಹದಗೆಟ್ಟಿತ್ತು.

ಹೀಗೇಕೆ? ಒಂದು ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಹೆಚ್ಚಿನವರಿಗೆ ಕಾಯಿಲೆಯೇನೂ ಇರುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ನಿಮ್ಹಾನ್ಸ್ ಕಂಡಂತೆ 13ರಿಂದ 17ರ ವಯಸ್ಸಿನವರಲ್ಲಿ ಮಾನಸಿಕ ತೊಂದರೆ ಇದ್ದವರು ಶೇ 7.3. ಅಂದರೆ ಅರವತ್ತರಲ್ಲಿ ನಾಲ್ಕೈದು ಮಂದಿ. ಅವರಿಗೆ ನಲವತ್ತು ನಿಮಿಷದ ಪಾಠ ಏನೇನೂ ಸಾಲದು, ಉಳಿದವರಿಗೆ ಅದು ಬೇಕಾಗಿಯೇ ಇಲ್ಲ. ಜ್ವರ ಬಂದವನಿಗೂ ಬಾರದವನಿಗೂ ಒಂದೇ ಲೋಟದಲ್ಲಿ ಕಷಾಯ ಕುಡಿಸಿದಂತೆ ಇದು. ಮೇಲಾಗಿ, ನಿನ್ನೊಳಗೆ ಏನಾಗುತ್ತಿದೆ ಎಂದು ವಾರವಾರವೂ ಕೆದಕಿ ನೋಡಿಕೊಳ್ಳಲು ಹೇಳಿದರೆ, ಪರೀಕ್ಷೆಯ ಹಿಂದಿನ ರಾತ್ರಿಯ ಸಹಜ ಅಂಜಿಕೆಗೂ ಮಗು ಕಾಯಿಲೆಯ ಹೆಸರಿಡಬಹುದು. ಲೂಸಿ ಫೌಲ್ಕ್ಸ್ ಮತ್ತು ಜ್ಯಾಕ್ ಆಂಡ್ರ್ಯೂಸ್ ಎಂಬ ಸಂಶೋಧಕರು 2023ರಲ್ಲಿ ಮುಂದಿಟ್ಟ ಊಹೆ ಇದು. ಊಹೆಯೇ ಆದರೂ ತಳ್ಳಿಹಾಕುವಂಥದ್ದಲ್ಲ.

ಹಾಗಾದರೆ ಶಾಲೆಯಲ್ಲಿ ಏನೂ ಮಾಡಬಾರದೇ? ಮಾಡಬಹುದು ಎನ್ನುವುದಕ್ಕೆ ಬಲವಾದ ಸಾಕ್ಷ್ಯ ಇರುವುದು ನಮ್ಮ ದೇಶದಲ್ಲೇ. ಗೋವಾದ 'ಸಂಗಾತ್' ಸಂಸ್ಥೆಯ ಸಂಶೋಧಕರು ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹರ್' ಎಂಬ ಕಾರ್ಯಕ್ರಮ ನಡೆಸಿದರು. ಶಾಲೆಗಳನ್ನು ಮೂರು ಗುಂಪು ಮಾಡಲಾಯಿತು. ಮೊದಲನೆಯ ಗುಂಪಿನಲ್ಲಿ ಹೊರಗಿನಿಂದ ಬಂದ, ಅಲ್ಪಕಾಲದ ತರಬೇತಿ ಪಡೆದ 'ಸೆಹರ್ ಮಿತ್ರ'ರು ಕೆಲಸ ನಡೆಸಿದರು. ಎರಡನೆಯದರಲ್ಲಿ ಅದೇ ಕೆಲಸ ಶಾಲೆಯ ಶಿಕ್ಷಕರ ಪಾಲಿಗೆ ಬಂತು. ಮೂರನೆಯದರಲ್ಲಿ ಎರಡೂ ಇಲ್ಲ. ಮಿತ್ರರಿದ್ದ ಶಾಲೆಗಳಲ್ಲಿ ಖಿನ್ನತೆಯ ಲಕ್ಷಣ, ದುರ್ಬಲರ ಮೇಲಿನ ದಬ್ಬಾಳಿಕೆ, ಹೊಡೆದಾಟ ಎಲ್ಲವೂ ಇಳಿದವು, ಎರಡನೆಯ ವರ್ಷ ಇನ್ನಷ್ಟು ಇಳಿದವು. ಶಿಕ್ಷಕರ ಕೈಗೆ ಕೊಟ್ಟ ಶಾಲೆಗಳಲ್ಲಿ ಏನೂ ಆಗಲಿಲ್ಲ. ಕೈಪಿಡಿ ಒಂದೇ, ಜಿಲ್ಲೆ ಒಂದೇ, ಮಕ್ಕಳೂ ಅಂಥವರೇ. ಬೇರೆಯಾಗಿದ್ದುದು ಅದನ್ನು ಹಿಡಿದ ಕೈ ಮಾತ್ರ.

ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ನಡೆದ, 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದೇ ಕಡೆ ಬೆರಳು ತೋರಿಸುತ್ತದೆ. ತರಗತಿಯಲ್ಲಿ ನಡೆಸುವ ಕಾರ್ಯಕ್ರಮದಿಂದಲೂ ಉಪಯೋಗವಾಗಬಲ್ಲದು ಎಂದು ವಾದಿಸುವವರು ಅದನ್ನು ಎತ್ತಿಹಿಡಿಯುತ್ತಾರೆ, ಅದು ನ್ಯಾಯವೇ: ಅಲ್ಲಿನ ಒಂದು ಕಾರ್ಯಕ್ರಮದಿಂದ ವರ್ಷದೊಳಗೆ ಆತ್ಮಹತ್ಯೆಯ ಯತ್ನಗಳು ಶೇ 1.51ರ ಬದಲು ಶೇ 0.70ಕ್ಕೆ ಇಳಿದವು. ಆದರೆ ಅದನ್ನು ನಡೆಸಿದವರು ತರಬೇತಿ ಪಡೆದು ಹೊರಗಿನಿಂದ ಬಂದವರು, ಮತ್ತು ಅಲ್ಲಿ ಮಕ್ಕಳು ಉಪನ್ಯಾಸ ಕೇಳಲಿಲ್ಲ, ತಮ್ಮ ಬದುಕಿನ ಇಕ್ಕಟ್ಟುಗಳನ್ನು ತಾವೇ ಅಭಿನಯಿಸಿ ಮಾತಾಡಿದರು. ಅದೇ ಅಧ್ಯಯನದಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ಬಿಟ್ಟ ಗುಂಪಿನಲ್ಲಿ ಹೇಳಿಕೊಳ್ಳುವ ಫಲ ಸಿಗಲಿಲ್ಲ.

ಶಿಕ್ಷಕರು ಅಯೋಗ್ಯರು ಎಂದು ಇದರ ಅರ್ಥವಲ್ಲ. ಅವರ ಸ್ಥಾನವೇ ಈ ಕೆಲಸಕ್ಕೆ ಅಡ್ಡ. ಅಂಕ ಹಾಕುವವರು, ಗದರಿಸುವವರು, ಅಪ್ಪ-ಅಮ್ಮನನ್ನು ಶಾಲೆಗೆ ಕರೆಸುವವರು ಅವರೇ. ಅಂಥವರ ಮುಂದೆ ಒಂಬತ್ತನೆಯ ತರಗತಿಯ ಹುಡುಗಿ ತನ್ನ ಮನೆಯ ಜಗಳವನ್ನೋ ಪ್ರೇಮದ ಪೇಚನ್ನೋ ಬಿಚ್ಚಿಡುತ್ತಾಳೆಯೇ? ಹೇಳಿದ್ದು ಮಧ್ಯಾಹ್ನದೊಳಗೆ ಸ್ಟಾಫ್ ರೂಮಿನ ಸುದ್ದಿಯಾಗುತ್ತದೆ ಎಂಬುದು ಅವಳಿಗೆ ಗೊತ್ತು. ಇದರ ಮೇಲೆ ಬಿಸಿಯೂಟದ ಲೆಕ್ಕ, ಮತಪಟ್ಟಿ, ಆನ್‌ಲೈನ್ ದಾಖಲಾತಿ. 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಶಿಕ್ಷಕರು ಜಾತಿ ಸಮೀಕ್ಷೆಗೆ ಮನೆಮನೆ ಅಲೆದರು. ದಸರಾ ರಜೆಯನ್ನೇ ಅದಕ್ಕಾಗಿ ವಿಸ್ತರಿಸಬೇಕಾಯಿತು. ಅದೇ ಶಿಕ್ಷಕರಿಗೆ ಆಪ್ತಸಮಾಲೋಚಕರ ಕೆಲಸವನ್ನೂ ಹೊರಿಸುವುದು ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ಹಾಗೆಂದು ಶಿಕ್ಷಕರಿಂದ ಏನೂ ಆಗದೆಂದಲ್ಲ. ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣವನ್ನು ಶಿಕ್ಷಕರೇ ನಡೆಸಿದಾಗ ಮಕ್ಕಳ ಆತ್ಮವಿಶ್ವಾಸ ಹೆಚ್ಚಿತು, ಶಿಕ್ಷಕರೊಂದಿಗಿನ ಹೊಂದಾಣಿಕೆ ಸುಧಾರಿಸಿತು ಎಂದು 2010ರ ವರದಿಯೊಂದು ಹೇಳುತ್ತದೆ. ಅದು ಸಣ್ಣ ಗಳಿಕೆಯಲ್ಲ. ಆದರೆ ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ ವ್ಯತ್ಯಾಸವಾಗಲಿಲ್ಲ ಎಂದೂ ಅದೇ ವರದಿ ಹೇಳುತ್ತದೆ. ಕಲಿಸುವುದು ಶಿಕ್ಷಕರಿಂದ ಆಗುತ್ತದೆ. ನೊಂದ ಮಗುವಿನ ಗುಟ್ಟು ಕೇಳಲು ಬೇರೊಬ್ಬರು ಬೇಕು.

ಅಷ್ಟು ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ತರುವುದು ಎಂಬ ಆಕ್ಷೇಪ ಇದಕ್ಕೆ ಸಿದ್ಧವಾಗಿಯೇ ಇರುತ್ತದೆ. ನಳಂದದ ಉತ್ತರ ಸರಳ: ಸೆಹರ್ ಮಿತ್ರರು ಮನಶ್ಶಾಸ್ತ್ರಜ್ಞರಾಗಿರಲಿಲ್ಲ. ಮೇಲ್ವಿಚಾರಣೆ ಸರಿಯಾಗಿದ್ದರೆ ಓದಿದ ಯುವಕ-ಯುವತಿಯರಿಂದಲೇ ಈ ಕೆಲಸ ಆಗುತ್ತದೆ; ತಮ್ಮ ಕೈಮೀರಿದ್ದನ್ನು ಅವರು ಜಿಲ್ಲಾ ಮಾನಸಿಕ ಆರೋಗ್ಯ ಘಟಕಕ್ಕೆ ಮುಟ್ಟಿಸಿದರೆ ಸಾಕು. ಟೆಲಿ ಮಾನಸ್‌ನ 14416 ಸಹಾಯವಾಣಿ ಒಳ್ಳೆಯ ಸೇವೆ. ಆದರೆ ಸ್ವಂತ ಫೋನಿಲ್ಲದ ಹುಡುಗಿಗೆ ಆ ಸಂಖ್ಯೆ ತಲುಪಬೇಕಾದರೂ ನಡುವೆ ಒಬ್ಬ ಮನುಷ್ಯ ಬೇಕು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಸಮಾಲೋಚಕರಿರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಾತು ಕಾಗದದ ಮೇಲೆ ಉಳಿಯದಿರಬೇಕಾದರೆ ಪ್ರತ್ಯೇಕ ಹುದ್ದೆ, ಪ್ರತ್ಯೇಕ ಸಂಬಳ ಬೇಕು. ಇದ್ದ ಶಿಕ್ಷಕರ ಕೊರಳಿಗೇ ಇನ್ನೊಂದು ಬಿಲ್ಲೆ ಕಟ್ಟಿದರೆ ಆಗುವುದಿಲ್ಲ.

ನಳಂದದಿಂದ ಕಲಿಯಬೇಕಾದ್ದು ಇನ್ನೊಂದಿದೆ. ಮಿತ್ರರು ಒಬ್ಬೊಬ್ಬ ಮಗುವಿನ ಜೊತೆ ಮಾತಾಡಿದ್ದಷ್ಟೇ ಅಲ್ಲ; ದೂರು ಹಾಕುವ ಪೆಟ್ಟಿಗೆ ಇಟ್ಟರು, ಗೋಡೆ ಪತ್ರಿಕೆ ಹೊರಡಿಸಿದರು, ಮಕ್ಕಳ ಗುಂಪು ಕಟ್ಟಿದರು. ಅತಿ ಹೆಚ್ಚು ಸುಧಾರಿಸಿದ್ದು ಶಾಲೆಯ ವಾತಾವರಣವೇ. ಈ ಕಣ್ಣಿನಿಂದ ನೋಡಿದರೆ ನಮ್ಮ ಎಸ್ಸೆಸ್ಸೆಲ್ಸಿ ವ್ಯವಸ್ಥೆಯೇ ಮಾನಸಿಕ ಆರೋಗ್ಯದ ವಿಷಯವಾಗುತ್ತದೆ. 2025ರ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಶೇ 62.34. ಫಲಿತಾಂಶದ ದಿನವೇ ಜಿಲ್ಲೆಗಳ ಸ್ಥಾನಪಟ್ಟಿ ಹೊರಬಿತ್ತು. ಕೊನೆಯ ಸ್ಥಾನದ ಅವಮಾನ ಉಪನಿರ್ದೇಶಕರಿಂದ ಬಿಇಒಗೆ, ಅಲ್ಲಿಂದ ಮುಖ್ಯ ಶಿಕ್ಷಕರಿಗೆ ಇಳಿದು, ಕೊನೆಗೆ ಬೆಳಿಗ್ಗೆ-ಸಂಜೆಯ ವಿಶೇಷ ತರಗತಿಯಲ್ಲಿ ಕೂತ ಮಗುವಿನ ತಲೆಯ ಮೇಲೆ ಬೀಳುತ್ತದೆ. ತಮಿಳುನಾಡಿನಲ್ಲಿ ನಪಾಸಾದವರಿಗೆ ತಿಂಗಳೊಳಗೆ ಮರುಪರೀಕ್ಷೆ ಬರೆದು ಅದೇ ವರ್ಷ ಮುಂದಕ್ಕೆ ಹೋಗಲು ಅವಕಾಶ ಕೊಟ್ಟ ಮೇಲೆ, ಪರೀಕ್ಷೆಯ ಸೋಲಿನಿಂದಾಗುವ ಆತ್ಮಹತ್ಯೆಗಳು ಕಡಿಮೆಯಾದವು. 2024ರಲ್ಲಿ ನಮ್ಮಲ್ಲೂ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಮಾನಸಿಕ ಆರೋಗ್ಯದ ಪಟ್ಟಿಗಳಲ್ಲಿ ಇಂಥ ಮರುಪರೀಕ್ಷೆಯ ಹೆಸರು ಸಾಮಾನ್ಯವಾಗಿ ಕಾಣದು. ಆದರೆ ಎಷ್ಟೋ ಜಾಗೃತಿ ಶಿಬಿರಗಳಿಗಿಂತ ಇದು ಹೆಚ್ಚು ಮಕ್ಕಳ ಎದೆಯ ಭಾರ ಇಳಿಸಬಲ್ಲದು.

ಪಾಠದ ಮೋಹ ನಮಗೆ ಸುಲಭವಾಗಿ ಬಿಡದು, ಏಕೆಂದರೆ ಅದು ಅಗ್ಗ. ಬದಲಾಗಬೇಕಾದ್ದು ಮಗುವಿನ ಮನಸ್ಸು ಎಂದುಬಿಟ್ಟರೆ ಶಾಲೆ ಬದಲಾಗಬೇಕಿಲ್ಲ, ಬಜೆಟ್ಟೂ ಬದಲಾಗಬೇಕಿಲ್ಲ. ಆದ್ದರಿಂದ ಮುಂದಿನ ಸುತ್ತೋಲೆ ಬಂದಾಗ ಎಷ್ಟು ಪಿರಿಯಡ್ ಎಂದು ಕೇಳುವುದು ಬೇಡ. ಅಂಕ ಹಾಕದ, ಗುಟ್ಟು ಬಿಟ್ಟುಕೊಡದ ಒಬ್ಬರು ಈ ಶಾಲೆಯಲ್ಲಿದ್ದಾರೆಯೇ, ಅವರ ಸಂಬಳಕ್ಕೆ ಹಣ ಎಲ್ಲಿಟ್ಟಿದ್ದೀರಿ, ಜಿಲ್ಲೆಗಳ ಸ್ಥಾನಪಟ್ಟಿ ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳೋಣ. ಈ ಮೂರಕ್ಕೆ ಉತ್ತರವಿಲ್ಲದ ಕಾರ್ಯಕ್ರಮ ಇಲಾಖೆಯ ನೆಮ್ಮದಿಗಾಗಿ ಮಾಡಿಕೊಂಡದ್ದು, ಮಕ್ಕಳ ನೆಮ್ಮದಿಗಾಗಿ ಅಲ್ಲ.